ತಾರೀಖು ಒಂದು, ತಿಥಿ ಇನ್ನೊಂದು: ಡಬ್ಲಿನ್‌ನಲ್ಲಿ ಈಸ್ಟರ್ ವಾರ

ಐರ್ಲೆಂಡಿಗೆ ಹೋಗುವುದಾದರೆ ಮಾರ್ಚ್ 17ಕ್ಕೆ ಹೋಗಿ, ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಹಸಿರು ಟೋಪಿ, ಬ್ಯಾಂಡು, ಬಿಯರು. ಅದೂ ಚೆನ್ನಾಗಿರುತ್ತದೆ, ಬೇಡ ಅನ್ನುವುದಿಲ್ಲ. ಆದರೆ ಆ ದೇಶದ ಚರಿತ್ರೆ ನೋಡಬೇಕು ಅಂದರೆ ಈಸ್ಟರ್ ವಾರವೇ ಸರಿ. 1014ರ ಕ್ಲಾಂಟಾರ್ಫ್ ಯುದ್ಧ ನಡೆದದ್ದು ಗುಡ್ ಫ್ರೈಡೇ ದಿನ. ಬ್ರಿಟಿಷರ ವಿರುದ್ಧ ಡಬ್ಲಿನ್ ದಂಗೆ ಎದ್ದದ್ದು 1916ರ ಈಸ್ಟರ್ ಸೋಮವಾರ. ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದ ಆದದ್ದು 1998ರ ಗುಡ್ ಫ್ರೈಡೇ. 2023ರಲ್ಲಿ ಆ ಒಪ್ಪಂದಕ್ಕೆ 25 ತುಂಬಿತು. ಐರಿಷ್ ಅಂತರ್ಯುದ್ಧ ಮುಗಿದು ನೂರು ವರ್ಷವಾಯಿತು. ಅಕ್ಕ, ಭಾವ ಡಬ್ಲಿನ್‌ನಲ್ಲೇ ಇದ್ದಾರೆ. ಇನ್ನೇನು ಬೇಕು? ಆ ವರ್ಷವೇ ಹೊರಟೆ.

ವೀಸಾ ವಿಷಯ ಮೊದಲೇ ಹೇಳಿಬಿಡುತ್ತೇನೆ. ಡಬ್ಲಿನ್ ಒಂದು ದೇಶ (ಐರ್ಲೆಂಡ್), ಬೆಲ್‌ಫಾಸ್ಟ್ ಇನ್ನೊಂದು ದೇಶ (ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್). ನಮ್ಮ ಪಾಸ್‌ಪೋರ್ಟಿನವರಿಗೆ ಎರಡಕ್ಕೂ ವೀಸಾ ಬೇಕು. ಆದರೆ ಐರಿಷ್ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅಂತ ಅಚ್ಚಾಗಿದ್ದರೆ ಅದೊಂದರಲ್ಲೇ ಎರಡೂ ಕಡೆ ಓಡಾಡಬಹುದು. ಮೊದಲು ಇಳಿಯುವುದು ಮಾತ್ರ ಐರ್ಲೆಂಡಿನಲ್ಲೇ ಆಗಿರಬೇಕು. ಅದಕ್ಕೇ ಲಂಡನ್ ಬಿಟ್ಟು ದುಬೈ ಮೇಲೆ ಹೋದೆ. ಬುಧವಾರ ರಾತ್ರಿ ತಲುಪಿ ಅಕ್ಕ ಮಾಡಿಟ್ಟಿದ್ದ ಸಾರು ಅನ್ನ ತಿಂದು ಮಲಗಿದ್ದಷ್ಟೇ.

ಗುರುವಾರ, ಏಪ್ರಿಲ್ 6

ಅವತ್ತು ಚೈತ್ರ ಹುಣ್ಣಿಮೆ. ಬೆಂಗಳೂರಲ್ಲಿ ರಾತ್ರಿ ಕರಗ. ಭಾವ ಬೆಳಿಗ್ಗೆ ಕಾಫಿ ಕುಡಿಯುತ್ತಾ ಈಸ್ಟರ್ ಲೆಕ್ಕ ಹೇಳಿದರು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಹಿಡಿಯಬೇಕು, ಅದರ ಮುಂದಿನ ಭಾನುವಾರವೇ ಈಸ್ಟರ್. ಅಂದರೆ ಆ ವರ್ಷ ನಮ್ಮ ಕರಗ, ಅವರ ಈಸ್ಟರ್ ಎರಡಕ್ಕೂ ಒಂದೇ ಚಂದ್ರ. ಇವರು 1916ರ ದಂಗೆಯನ್ನು ನೆನೆಯುವುದೂ ಹಾಗೆಯೇ. ದಂಗೆ ಶುರುವಾದದ್ದು ಏಪ್ರಿಲ್ 24ಕ್ಕೆ. ಸರ್ಕಾರದ ದೊಡ್ಡ ಕಾರ್ಯಕ್ರಮ ಮಾತ್ರ ಪ್ರತಿ ವರ್ಷ ಈಸ್ಟರ್ ಭಾನುವಾರ. ನಮ್ಮ ಮನೆಗಳಲ್ಲಿ ಹಿರಿಯರ ದಿನ ಮಾಡುವಾಗ ತಾರೀಖು ಬಿಟ್ಟು ತಿಥಿ ನೋಡುತ್ತೇವಲ್ಲ, ಅದೇ ಲೆಕ್ಕ. 2016ರಲ್ಲಿ ಈಸ್ಟರ್ ಮಾರ್ಚ್ 27ಕ್ಕೇ ಬಂದುಬಿಟ್ಟಿತ್ತು. ಹಾಗಾಗಿ ಶತಮಾನೋತ್ಸವದ ದೊಡ್ಡ ಪಥಸಂಚಲನ ನಿಜವಾದ ತಾರೀಖಿಗಿಂತ ಹೆಚ್ಚುಕಮ್ಮಿ ಒಂದು ತಿಂಗಳು ಮುಂಚೆಯೇ ಮುಗಿದುಹೋಯಿತು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲವಂತೆ.

ಬೆಳಿಗ್ಗೆ ಕಿಲ್ಮೇನ್‌ಹ್ಯಾಮ್ ಜೈಲು. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆಸಬೇಕು. ಸುಮ್ನೆ ಹೋಗಿ ಬಾಗಿಲಲ್ಲಿ ನಿಂತರೆ ಸಿಗುವುದು ಕಷ್ಟ. 1796ರಲ್ಲಿ ಶುರುವಾದ ಜೈಲು ಇದು. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಹಸಿದವರು, ಭಿಕ್ಷೆ ಬೇಡಿದವರು, ಬ್ರೆಡ್ ಕದ್ದವರು ಇಲ್ಲಿ ತುಂಬಿಹೋಗಿದ್ದರು. ಜೈಲಿಗೆ ಬಂದರೆ ಊಟವಾದರೂ ಸಿಗುತ್ತಲ್ಲ ಅಂತ ಬೇಕೆಂದೇ ತಪ್ಪು ಮಾಡಿದವರೂ ಇದ್ದರು.

ಪ್ರವಾಸ ಶುರುವಾಗುವುದು ಜೈಲಿನ ಚಾಪೆಲ್‌ನಿಂದ. ದಂಗೆಯ ನಾಯಕರಲ್ಲಿ ಒಬ್ಬನಾದ ಜೋಸೆಫ್ ಪ್ಲಂಕೆಟ್ ಮರಣದಂಡನೆಗೆ ಕೆಲವೇ ಗಂಟೆ ಮುಂಚೆ ಗ್ರೇಸ್ ಗಿಫರ್ಡ್‌ಳನ್ನು ಮದುವೆಯಾದದ್ದು ಇಲ್ಲೇ. ಕೈಕೋಳ ತೆಗೆದು ಉಂಗುರ ತೊಡಿಸಲು ಬಿಟ್ಟರು. ಸುತ್ತ ಸೈನಿಕರು. ಆಮೇಲೆ ಒಂದಷ್ಟು ನಿಮಿಷ ಭೇಟಿ, ಅದೂ ಕಾವಲುಗಾರರ ಎದುರಿಗೇ. 1916ರ ಮೇ 4ರ ಬೆಳಗಿನ ಜಾವ ಅವನನ್ನು ಗುಂಡಿಟ್ಟು ಕೊಂದರು.

ಈ ಕಥೆ ಎಲ್ಲ ಗೈಡ್‌ಗಳೂ ಹೇಳುತ್ತಾರೆ, ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಮುಂದಿನ ಭಾಗ. 1923ರಲ್ಲಿ ಇದೇ ಗ್ರೇಸ್ ಇದೇ ಜೈಲಿಗೆ ಕೈದಿಯಾಗಿ ಬಂದಳು. ಈ ಸಲ ಹಿಡಿದು ಹಾಕಿದವರು ಬ್ರಿಟಿಷರಲ್ಲ, ಐರ್ಲೆಂಡಿನ ಹೊಸ ಸರ್ಕಾರ. ಬ್ರಿಟನ್ ಜೊತೆಗಿನ ಒಪ್ಪಂದ ಒಪ್ಪಿದವರು, ಒಪ್ಪದವರು ಅಂತ ಎರಡು ಬಣವಾಗಿ ಹೊಡೆದಾಡಿದ ಅಂತರ್ಯುದ್ಧದ ಕಾಲ ಅದು. ಗ್ರೇಸ್ ಚಿತ್ರಕಾರ್ತಿ. ತನ್ನ ಸೆಲ್ಲಿನ ಗೋಡೆಯ ಮೇಲೆ ಮೇರಿ ಮತ್ತು ಮಗುವಿನ ಚಿತ್ರ ಬರೆದಳು. ಬಾಗಿಲಿನ ಸಣ್ಣ ತೂತಿಗೆ ಕಣ್ಣಿಟ್ಟು ನೋಡಬೇಕು. ನೀಲಿ ಬಟ್ಟೆ, ತಲೆಯ ಸುತ್ತ ಪ್ರಭೆ, ಮಗುವಿನ ದುಂಡು ಮುಖ. ಮೂಲ ಬಣ್ಣ ಕೆಟ್ಟುಹೋಗಿ ಆಮೇಲೆ ಯಾರೋ ಮತ್ತೆ ಬರೆದದ್ದಂತೆ. ಹಿಂದೆ ಸಾಲು ಇತ್ತು, ಜಾಸ್ತಿ ಹೊತ್ತು ನೋಡಲು ಆಗಲಿಲ್ಲ.

ಕೊನೆಗೆ ಕಲ್ಲು ಒಡೆಯುವ ಅಂಗಳ. 1916ರ ಮೇ 3ರಿಂದ 12ರ ಒಳಗೆ 14 ಜನರನ್ನು ಇಲ್ಲಿ ಗುಂಡಿಟ್ಟು ಕೊಂದರು. ಒಂದು ತುದಿಯಲ್ಲಿ ಒಂದು ಶಿಲುಬೆ, 13 ಜನ ಸತ್ತ ಜಾಗ. ಇನ್ನೊಂದು ತುದಿಯಲ್ಲಿ, ಗೇಟಿನ ಪಕ್ಕ, ಇನ್ನೊಂದು ಶಿಲುಬೆ. ಅದು ಜೇಮ್ಸ್ ಕಾನಲಿಗೆ. ಕಾಲಿಗೆ ಗುಂಡು ಬಿದ್ದು ಆಸ್ಪತ್ರೆಯಲ್ಲಿದ್ದವನನ್ನು ಆಂಬುಲೆನ್ಸಿನಲ್ಲಿ ತಂದರು. ನಿಲ್ಲಲು ಆಗುತ್ತಿರಲಿಲ್ಲ. ಕುರ್ಚಿಗೆ ಕಟ್ಟಿ ಕೊಂದರು. ದಂಗೆ ಎದ್ದಾಗ ಇವರನ್ನು ಬೈದ ಡಬ್ಲಿನ್ ಜನ ಈ ಹತ್ತು ದಿನದಲ್ಲಿ ಇವರ ಕಡೆ ತಿರುಗಿಕೊಂಡರು. ಬ್ರಿಟಿಷ್ ಜನರಲ್ ಎಲ್ಲರನ್ನೂ ಜೈಲಿಗೆ ಹಾಕಿ ಸುಮ್ಮನಿದ್ದಿದ್ದರೆ ಏನಾಗುತ್ತಿತ್ತೋ ಏನೋ.

ಮಧ್ಯಾಹ್ನ ಓ’ಕಾನೆಲ್ ಬೀದಿಯ ಜನರಲ್ ಪೋಸ್ಟ್ ಆಫೀಸ್, ಎಲ್ಲರ ಬಾಯಲ್ಲೂ ಜಿಪಿಓ. ದಂಗೆಯ ಮುಖ್ಯ ಕಚೇರಿ ಇದೇ ಆಗಿತ್ತು. ಈಗಲೂ ಅಂಚೆ ಕಚೇರಿಯೇ. ಕೌಂಟರಿನಲ್ಲಿ ಜನ ಪಾರ್ಸೆಲ್ ತೂಗಿಸುತ್ತಿದ್ದರು. ಹೊರಗಿನ ಕಂಬಗಳಲ್ಲಿ ಗುಂಡಿನ ಗುರುತು ಕೈಗೆ ಸಿಗುತ್ತದೆ. ಕಿಟಕಿಯ ಹತ್ತಿರ ಕೂಹಲಿನ್ ಕಂಚಿನ ಪ್ರತಿಮೆ. ಹಳೆಯ ಕೆಲ್ಟಿಕ್ ಕಥೆಗಳ ವೀರ. ಸಾಯುವಾಗಲೂ ಬೀಳಬಾರದು ಅಂತ ತನ್ನನ್ನು ಒಂದು ಕಲ್ಲುಕಂಬಕ್ಕೆ ಕಟ್ಟಿಕೊಂಡ. ಭುಜದ ಮೇಲೆ ಕಾಗೆ ಬಂದು ಕೂತ ಮೇಲೇ ಶತ್ರುಗಳಿಗೆ ಅವನು ಸತ್ತಿದ್ದಾನೆ ಅಂತ ಧೈರ್ಯ ಬಂದದ್ದು. ಆಲಿವರ್ ಶೆಪರ್ಡ್ ಇದನ್ನು ಮಾಡಿದ್ದು ದಂಗೆಗೂ ಮುಂಚೆ. 1935ರಲ್ಲಿ ತಂದು ಇಲ್ಲಿಟ್ಟರು.

ಅದೇ ಕಟ್ಟಡದ ಮ್ಯೂಸಿಯಂನಲ್ಲಿ ಐರ್ಲೆಂಡ್ ಸ್ವತಂತ್ರ ಅಂತ ದಂಗೆಯವರು ಸಾರಿದ 1916ರ ಘೋಷಣಾಪತ್ರವನ್ನು ಹತ್ತಿರದಿಂದ ನೋಡಬಹುದು. ಗುಟ್ಟಾಗಿ ಅಚ್ಚು ಹಾಕಿದ್ದು. ಅಚ್ಚುಮೊಳೆ ಸಾಲಲಿಲ್ಲ. ಅದಕ್ಕೇ ಮೇಲಿನ ಅರ್ಧ ಅಚ್ಚು ಹಾಕಿ, ಮೊಳೆ ಬಿಚ್ಚಿ, ಮತ್ತೆ ಜೋಡಿಸಿ ಕೆಳಗಿನ ಅರ್ಧ ಅಚ್ಚು ಹಾಕಿದರು. ‘ಇ’ ಅಕ್ಷರ ಕಡಿಮೆ ಬಿದ್ದು ಬೇರೆ ಜಾತಿಯ ಮೊಳೆ ತಂದರು. ಒಂದು ಕಡೆ ‘ಎಫ್’ ಮೊಳೆಗೆ ಅರಗು ಮೆತ್ತಿ ‘ಇ’ ಮಾಡಿದರು. ನಾನು ಗಾಜಿಗೆ ಮೂಗು ಹಚ್ಚಿ ಅಕ್ಷರ ಹುಡುಕುತ್ತಾ ನಿಂತಿದ್ದೆ. ಭಾವ ಬಂದು ಎಳೆದುಕೊಂಡು ಹೋಗಬೇಕಾಯಿತು.

ಶುಕ್ರವಾರ

ಗುಡ್ ಫ್ರೈಡೇ. 2017ರವರೆಗೆ ಈ ದಿನ ಇಲ್ಲಿ ಪಬ್‌ಗಳಿಗೆ ಬಾಗಿಲು. ಕಾನೂನು ಬದಲಾಯಿತು, ಈಗ ಎಲ್ಲ ತೆರೆದಿರುತ್ತವೆ. ಮುಂಚೆ ಗುರುವಾರವೇ ಬಾಟಲಿ ತಂದಿಟ್ಟುಕೊಳ್ಳಲು ಅಂಗಡಿ ಮುಂದೆ ಸಾಲು ನಿಲ್ಲುತ್ತಿದ್ದರು ಅಂತ ಭಾವ ನಕ್ಕರು.

130ನೇ ನಂಬರ್ ಬಸ್ ಹತ್ತಿದರೆ ಕ್ಲಾಂಟಾರ್ಫ್. ಈಗ ಅದು ಸಮುದ್ರದಂಚಿನ ಸುಖವಾಸಿ ಬಡಾವಣೆ. ಓಡುವವರು, ನಾಯಿ ಹಿಡಿದವರು, ಐಸ್‌ಕ್ರೀಮ್ ವ್ಯಾನು. 1014ರ ಏಪ್ರಿಲ್ 23ರಂದು ಇಲ್ಲೆಲ್ಲೋ ದಿನವಿಡೀ ಕಾದಾಟ ನಡೆಯಿತು. ಸರಿಯಾದ ಜಾಗ ಯಾವುದು ಅನ್ನುವುದರ ಬಗ್ಗೆ ಇನ್ನೂ ಜಗಳ ಇದೆ. ಕಡಲ ದಂಡೆಯೇ ಬದಲಾಗಿದೆ. ಎದುರಿಗೆ ಕಾಣುವ ಬುಲ್ ದ್ವೀಪ ಆಗ ಇರಲೇ ಇಲ್ಲ. 1820ರ ದಶಕದಲ್ಲಿ ಬಂದರಿಗೆ ಗೋಡೆ ಕಟ್ಟಿದ ಮೇಲೆ ಮರಳು ಸೇರಿಕೊಂಡು ಹುಟ್ಟಿದ ದ್ವೀಪ ಅದು.

ಶಾಲೆಯ ಮಕ್ಕಳಿಗೆ ಹೇಳುವ ಕಥೆ ಸರಳ: ಐರಿಷ್ ಮಹಾರಾಜ ಬ್ರಯನ್ ಬೊರು ಉತ್ತರದಿಂದ ಸಮುದ್ರ ದಾಟಿ ಬಂದ ವೈಕಿಂಗರನ್ನು ಸೋಲಿಸಿ ಸಮುದ್ರಕ್ಕೆ ಅಟ್ಟಿದ. ನಂಟಸ್ತಿಕೆ ಬಿಡಿಸಿ ನೋಡಿದರೆ ಕಥೆ ಬೇರೆ. ಡಬ್ಲಿನ್ನಿನ ವೈಕಿಂಗ್ ದೊರೆ ಸಿಟ್ರಿಕ್ ಬ್ರಯನ್ನನ ಅಳಿಯ. ಆ ಅಳಿಯನ ತಾಯಿ ಗೊರ್ಮ್‌ಲಾ ಒಂದು ಕಾಲಕ್ಕೆ ಬ್ರಯನ್ನನ ಹೆಂಡತಿ. ಅವಳ ಅಣ್ಣತಮ್ಮಂದಿರಲ್ಲಿ ಒಬ್ಬ ಲೆನ್‌ಸ್ಟರ್ ಪ್ರಾಂತ್ಯದ ಐರಿಷ್ ರಾಜ, ಅವನು ಕಾದಾಡಿದ್ದು ವೈಕಿಂಗರ ಜೊತೆ ಸೇರಿಕೊಂಡು. ಒಟ್ಟಿನಲ್ಲಿ ಬೀಗರ ಜಗಳ. ಅಳಿಯ ಸಿಟ್ರಿಕ್ ಊರಿನ ಗೋಡೆಯ ಮೇಲೆ ನಿಂತು ಯುದ್ಧ ನೋಡುತ್ತಿದ್ದ. ತನ್ನ ಕಡೆಯವರು ಸಮುದ್ರದತ್ತ ಓಡತೊಡಗಿದಾಗ ಪಕ್ಕದಲ್ಲಿದ್ದ ಹೆಂಡತಿ, ಬ್ರಯನ್ನನ ಮಗಳು, ಗೇಲಿ ಮಾಡಿದಳಂತೆ. ಅವನು ಅವಳ ಹಲ್ಲು ಉದುರುವಂತೆ ಹೊಡೆದನಂತೆ. ಹಳೆಯ ವೃತ್ತಾಂತ ಬರೆದವರು ಬ್ರಯನ್ನನ ವಂಶದ ಕಡೆಯವರು, ಅದನ್ನೂ ನೆನಪಿಡಬೇಕು. ಬ್ರಯನ್, ಅವನ ಮಗ, ಮೊಮ್ಮಗ ಮೂವರೂ ಅವತ್ತು ಸತ್ತರು. ಸಿಟ್ರಿಕ್ ಮಾತ್ರ ಇನ್ನೂ ಇಪ್ಪತ್ತು ವರ್ಷಕ್ಕೂ ಜಾಸ್ತಿ ಡಬ್ಲಿನ್ ಆಳಿದ. ಗೆದ್ದವರು ಯಾರು ಅಂತ ಹೇಳುವುದು ಅಷ್ಟು ಸುಲಭವಲ್ಲ, ಅಲ್ವಾ?

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟವಾಯಿತು. ಬೆಳಗಿನ ಭರತದಲ್ಲಿ, ಅಂದರೆ ಸಮುದ್ರದ ಉಬ್ಬರದಲ್ಲಿ, ವೈಕಿಂಗ್ ಹಡಗುಗಳು ದಂಡೆಗೆ ಬಂದವು, ಸಂಜೆ ಮತ್ತೆ ಭರತ ಬಂದು ಓಡುವವರು ಮುಳುಗಿದರು ಅಂತ ಆ ವೃತ್ತಾಂತದಲ್ಲಿದೆ. 19ನೇ ಶತಮಾನದಲ್ಲಿ ಟ್ರಿನಿಟಿ ಕಾಲೇಜಿನ ವಿಜ್ಞಾನಿ ಸ್ಯಾಮ್ಯುಯೆಲ್ ಹಾಟನ್ ಚಂದ್ರನ ಚಲನೆ ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದ. ಅವತ್ತು ಭರತ ಬಂದದ್ದು ಬೆಳಿಗ್ಗೆ 5.30ಕ್ಕೆ, ಮತ್ತೆ ಸಂಜೆ 5.55ಕ್ಕೆ ಅಂತ ಉತ್ತರ ಬಂತು. ಎಂಟುನೂರು ವರ್ಷ ಹಳೆಯ ಕಥೆ ಈ ಒಂದು ವಿಷಯದಲ್ಲಾದರೂ ಸುಳ್ಳು ಹೇಳಿರಲಿಲ್ಲ.

ಕ್ಯಾಸಲ್ ಅವೆನ್ಯೂನಲ್ಲಿ ಬ್ರಯನ್ ಬೊರು ಬಾವಿ ಅಂತ ಒಂದಿದೆ. ಗೋಡೆಯೊಳಗಿನ ಸಣ್ಣ ಗೂಡು. ಅದಕ್ಕಂತಲೇ ಹೋಗಬೇಡಿ.

ಶನಿವಾರ

ಭಾವನ ಕಾರಿನಲ್ಲಿ ಉತ್ತರಕ್ಕೆ, ಮೀಥ್ ಕೌಂಟಿಗೆ. ಮೊದಲು ಸ್ಲೇನ್ ಗುಡ್ಡ. 433ರಲ್ಲಿ ಈಸ್ಟರ್ ಹಿಂದಿನ ರಾತ್ರಿ, ಐರ್ಲೆಂಡಿನಲ್ಲಿ ಕ್ರೈಸ್ತ ಮತ ಸಾರಿದ ಸೇಂಟ್ ಪ್ಯಾಟ್ರಿಕ್ ಇಲ್ಲಿ ಬೆಂಕಿ ಹಚ್ಚಿದ ಅಂತ ಐತಿಹ್ಯ. ತಾರಾ ಗುಡ್ಡದಲ್ಲಿ ರಾಜನ ಬೆಂಕಿ ಉರಿಯುವವರೆಗೆ ಬೇರೆ ಯಾರೂ ಹಚ್ಚಬಾರದು ಅಂತ ಕಟ್ಟಪ್ಪಣೆ ಇತ್ತು. ರಾಜ ಲಿಯರಿ ದೂರದಿಂದ ಬೆಳಕು ನೋಡಿ ಕೆಂಡವಾದ. ಈ ಬೆಂಕಿಯನ್ನು ಈಗಲೇ ಆರಿಸದಿದ್ದರೆ ಮುಂದೆಂದೂ ಆರಿಸಲಾಗದು ಅಂತ ಅವನ ಡ್ರುಯಿಡ್ ಪುರೋಹಿತರು ಎಚ್ಚರಿಸಿದರು. ಕಥೆ ಬರೆದದ್ದು ಪ್ಯಾಟ್ರಿಕ್ ಸತ್ತು ಇನ್ನೂರು ವರ್ಷದ ಮೇಲೆ. ಅದಕ್ಕೆ 433ನ್ನು ಯಾರೂ ಗಟ್ಟಿಯಾಗಿ ನಂಬುವುದಿಲ್ಲ. ಗುಡ್ಡದ ಮೇಲೆ ಈಗ ಇರುವುದು 16ನೇ ಶತಮಾನದ ಪಾಳುಬಿದ್ದ ಮಠ. ಗಾಳಿ ಅಂದರೆ ಗಾಳಿ. ಅಕ್ಕ ಕಾರಿನಿಂದ ಇಳಿಯಲೇ ಇಲ್ಲ.

ತಾರಾ ಗುಡ್ಡ ಇಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸು. ಮೊದಲ ಸಲ ಹೋದವರಿಗೆ ನಿರಾಸೆ ಆಗಬಹುದು. ಅರಮನೆ ಇಲ್ಲ, ಕೋಟೆ ಇಲ್ಲ. ಹುಲ್ಲು, ಕುರಿ, ಏರುತಗ್ಗಿನ ಮಣ್ಣಿನ ಉಂಗುರಗಳು. ಸಂತೆಗೆ ಬಂದು ಸಂತೆ ಮುಗಿದ ಮೈದಾನ ನೋಡಿದ ಹಾಗೆ ಅಂತ ಅಕ್ಕನ ತೀರ್ಪು. ಆದರೂ ಪ್ರಾಚೀನ ಐರ್ಲೆಂಡಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದದ್ದು ಇಲ್ಲೇ. ನಡುವೆ ನಿಂತಿರುವ ಲಿಯಾ ಫಾಲ್ ಕಲ್ಲು ನಿಜವಾದ ರಾಜ ಮುಟ್ಟಿದರೆ ಕೂಗುತ್ತಿತ್ತಂತೆ. ಭಾವ ಮುಟ್ಟಿದರು. ಏನೂ ಆಗಲಿಲ್ಲ.

ಪಕ್ಕದಲ್ಲೇ ಐದು ಸಾವಿರ ವರ್ಷದ ಸಮಾಧಿ ದಿಬ್ಬ. ನವೆಂಬರ್ ಶುರುವಿನ ಸಾವಿನ್, ಫೆಬ್ರವರಿ ಶುರುವಿನ ಇಂಬೊಲ್ಕ್ ಹಬ್ಬಗಳ ಹೊತ್ತಿಗೆ ಹುಟ್ಟುವ ಸೂರ್ಯನ ಬೆಳಕು ಅದರೊಳಗೆ ಬೀಳುತ್ತದೆ. ಇಂಬೊಲ್ಕ್ ಈಗ ಸೇಂಟ್ ಬ್ರಿಜಿಡ್ ದಿನ. 2023ರಿಂದ ಅದಕ್ಕೆ ಸರ್ಕಾರಿ ರಜೆಯೂ ಸಿಕ್ಕಿದೆ. ಪ್ಯಾಟ್ರಿಕ್‌ಗೆ ಸಿಕ್ಕ ನೂರಿಪ್ಪತ್ತು ವರ್ಷದ ಮೇಲೆ ಹೆಣ್ಣುಮಗಳಿಗೆ ಸಿಕ್ಕಿತು.

ತಾರಾಗೂ ಕ್ಲಾಂಟಾರ್ಫ್‌ಗೂ ಇನ್ನೊಂದು ನಂಟಿದೆ. 1843ರ ಆಗಸ್ಟ್ 15ರಂದು ಡೇನಿಯಲ್ ಓ’ಕಾನೆಲ್ ಇಲ್ಲಿ ಸಭೆ ಕರೆದ. ಬ್ರಿಟನ್ ಜೊತೆಗಿನ ವಿಲೀನ ರದ್ದಾಗಲಿ ಅಂತ ಕೇಳುವ ಸಭೆ. ಲಕ್ಷಗಟ್ಟಲೆ ಜನ ಸೇರಿದರು. ಮುಂದಿನ ಸಭೆ ಅಕ್ಟೋಬರ್ 8ಕ್ಕೆ ಕ್ಲಾಂಟಾರ್ಫ್‌ನಲ್ಲಿ ಅಂತ ಗೊತ್ತುಮಾಡಿದ. ಜಾಗ ಸುಮ್ನೆ ಆರಿಸಿದ್ದಲ್ಲ, 1014 ನೆನಪಿಸಲು. ಸರ್ಕಾರ ಹಿಂದಿನ ದಿನ ನಿಷೇಧ ಹಾಕಿತು. ರಕ್ತ ಹರಿಯುವುದು ಬೇಡ ಅಂತ ಓ’ಕಾನೆಲ್ ಸಭೆ ರದ್ದು ಮಾಡಿದ. ಅವನ ಚಳವಳಿಯ ಬಿರುಸು ಅಲ್ಲಿಗೇ ಇಳಿಯಿತು.

ಭಾನುವಾರ

ಹನ್ನೊಂದಕ್ಕೇ ಓ’ಕಾನೆಲ್ ಬೀದಿಯಲ್ಲಿ ಜಾಗ ಹಿಡಿದೆವು. ಜಿಪಿಓ ಮುಂದೆ ಕಬ್ಬಿಣದ ತಡೆ, ಸೈನಿಕರ ಸಾಲು, ಬ್ಯಾಂಡು. ನನ್ನ ಪಕ್ಕದಲ್ಲಿ ನಿಂತಿದ್ದ ಹಿರಿಯರ ಕೋಟಿನ ಬಲಗಡೆ ಒಂದು ಹಳೆಯ ಪದಕ. ಹಸಿರು ಕಿತ್ತಳೆ ಪಟ್ಟಿ. ಅದರ ಮೇಲೆ ಗುರುವಾರ ಕಿಟಕಿಯಲ್ಲಿ ನೋಡಿದ ಅದೇ ಕೂಹಲಿನ್, ಭುಜದ ಮೇಲೆ ಹಕ್ಕಿ. ದಂಗೆಯಲ್ಲಿ ಇದ್ದವರಿಗೆ 1941ರಲ್ಲಿ, 25ನೇ ವರ್ಷಕ್ಕೆ ಕೊಟ್ಟ ಪದಕ ಅದು. ತಾತನದು ಅಂದರು. ಸ್ವಂತ ಪದಕವಾದರೆ ಎಡಗಡೆ, ಹಿರಿಯರದ್ದಾದರೆ ಬಲಗಡೆ.

ಕೆಲವರ ಎದೆಯ ಮೇಲೆ ಕಾಗದದ ಲಿಲ್ಲಿ ಹೂ. ದಂಗೆಯಲ್ಲಿ ಸತ್ತವರನ್ನು ನೆನೆಯಲು 1926ರಿಂದ ಬಂದ ಪದ್ಧತಿ. 1970ರ ಹೊತ್ತಿಗೆ ಗಣರಾಜ್ಯವಾದಿಗಳು (ಇಡೀ ಐರ್ಲೆಂಡ್ ಒಂದೇ ಗಣರಾಜ್ಯವಾಗಲಿ ಅನ್ನುವವರು) ಒಡೆದು ಎರಡಾದಾಗ ಹೂವೂ ಎರಡಾಯಿತು. ಒಂದು ಬಣ ಗುಂಡುಸೂಜಿ ಚುಚ್ಚಿಕೊಂಡಿತು, ಇನ್ನೊಂದು ಗೋಂದಿನಲ್ಲಿ ಅಂಟಿಸಿಕೊಂಡಿತು. ಹೂ ನೋಡಿಯೇ ಯಾರು ಯಾವ ಕಡೆ ಅಂತ ಹೇಳಬಹುದಿತ್ತಂತೆ.

ಹನ್ನೆರಡಕ್ಕೆ ಬಾವುಟ ಅರ್ಧಕ್ಕೆ ಇಳಿಯಿತು. ಸೇನೆಯ ಅಧಿಕಾರಿಯೊಬ್ಬರು ಘೋಷಣಾಪತ್ರ ಓದಿದರು. ಅದು ಶುರುವಾಗುವುದೇ ಐರಿಷ್ ಗಂಡಸರೇ, ಐರಿಷ್ ಹೆಂಗಸರೇ ಅಂತ. 1916ಕ್ಕೆ ಅದು ಸಣ್ಣ ಮಾತಲ್ಲ. ಆಗಿನ ರಾಷ್ಟ್ರಪತಿ ಮೈಕಲ್ ಹಿಗಿನ್ಸ್ ಹೂಮಾಲೆ ಇಟ್ಟರು. ಒಂದು ನಿಮಿಷ ಮೌನ. ಆಮೇಲೆ ಬಾವುಟ ಮೇಲಕ್ಕೆ, ರಾಷ್ಟ್ರಗೀತೆ. ಭಾಷಣ ಇಲ್ಲವೇ ಇಲ್ಲ. ಅದನ್ನು ಮಾತ್ರ ನಮ್ಮವರು ಕಲಿಯಬಹುದು.

ದಂಗೆ ಸೋಮವಾರ ಆಯಿತು, ಆಚರಣೆ ಭಾನುವಾರ ಯಾಕೆ? ಮೊದಲು ಗೊತ್ತುಮಾಡಿದ್ದು ಭಾನುವಾರವನ್ನೇ. ಜರ್ಮನಿಯಿಂದ ಬಂದೂಕು ತುಂಬಿಕೊಂಡು ಬಂದ ಹಡಗು ಸಿಕ್ಕಿಬಿತ್ತು. ಅದರ ಕ್ಯಾಪ್ಟನ್ ಶನಿವಾರ ಅದನ್ನು ಮುಳುಗಿಸಿಬಿಟ್ಟ. ಇನ್ನು ಇದು ಆತ್ಮಹತ್ಯೆ ಅಂತ ಸ್ವಯಂಸೇವಕ ಪಡೆಯ ಮುಖ್ಯಸ್ಥ ಓನ್ ಮಕ್‌ನೀಲ್ ಭಾನುವಾರದ ಪತ್ರಿಕೆಯಲ್ಲಿ ರದ್ದು ಆದೇಶ ಹಾಕಿಸಿದ. ಉಳಿದವರು ಒಂದು ದಿನ ತಡಮಾಡಿ, ಬಂದಷ್ಟು ಜನರನ್ನು ಕಟ್ಟಿಕೊಂಡು ಹೊರಟರು. ಶನಿವಾರ, ಏಪ್ರಿಲ್ 29ಕ್ಕೆ ಶರಣಾದರು. ಅಷ್ಟರಲ್ಲಿ ಸತ್ತವರು ಸುಮಾರು 485. ಅರ್ಧಕ್ಕಿಂತ ಜಾಸ್ತಿ ಯಾವ ಕಡೆಗೂ ಸೇರದ ಊರಿನ ಜನ.

ಆ ಹೊತ್ತಿಗೆ ಡಬ್ಲಿನ್‌ನಲ್ಲಿ ಕಾನೂನು ಓದುತ್ತಿದ್ದ ಒಬ್ಬ ತೆಲುಗು ಹುಡುಗ ವಿ. ವಿ. ಗಿರಿ. ದಂಗೆಯ ಮಂದಿಯ ಜೊತೆ ಓಡಾಡುತ್ತಾನೆ ಅಂತ ಅನುಮಾನಪಟ್ಟು ದೇಶ ಬಿಡಲು ಹೇಳಿದರು. 1965ರಿಂದ 67ರವರೆಗೆ ನಮ್ಮ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ಆಮೇಲೆ ರಾಷ್ಟ್ರಪತಿಯಾದವರು ಅವರೇ.

ಸೋಮವಾರ, ಏಪ್ರಿಲ್ 10

ಒಪ್ಪಂದಕ್ಕೆ ಸರಿಯಾಗಿ 25 ವರ್ಷ. ನಾನೂ ಭಾವನೂ ಬಸ್ ಹತ್ತಿ ಬೆಲ್‌ಫಾಸ್ಟಿಗೆ ಹೊರಟೆವು. ಎರಡು ಗಂಟೆ ದಾರಿ. ಗಡಿ ಯಾವಾಗ ದಾಟಿತು ಅಂತ ಗೊತ್ತಾಗಲಿಲ್ಲ. ರಸ್ತೆಯಂಚಿನ ಹಳದಿ ಗೆರೆ ಬಿಳಿಯಾಗಿತ್ತು, ಕಿಲೋಮೀಟರು ಮೈಲಿಯಾಗಿತ್ತು, ಅಷ್ಟೇ. ಒಂದು ಕಾಲಕ್ಕೆ ಇಲ್ಲಿ ಸೈನಿಕರ ಕಾವಲುಗೋಪುರಗಳಿದ್ದವು. ಗೆರೆಯ ಬಣ್ಣ ಬಿಟ್ಟು ಗಡಿಯೇ ಕಾಣದ ಹಾಗೆ ಮಾಡಿದ್ದು ಆ ಒಪ್ಪಂದ. ಬ್ರಿಟನ್ನಿನಲ್ಲೇ ಇರಬೇಕು ಅನ್ನುವವರು, ಐರ್ಲೆಂಡಿಗೆ ಸೇರಬೇಕು ಅನ್ನುವವರು ಹೊಡೆದಾಡಿ ಮೂವತ್ತು ವರ್ಷದಲ್ಲಿ 3500ಕ್ಕೂ ಹೆಚ್ಚು ಜನ ಸತ್ತಿದ್ದ ನಾಡು ಇದು.

ಕಪ್ಪು ಟ್ಯಾಕ್ಸಿಯವರು ಕ್ಯುಪಾರ್ ವೇ ಗೋಡೆಗೆ ಕರೆದುಕೊಂಡು ಹೋದರು. ಒಂದು ಕಡೆ ಕ್ಯಾಥೊಲಿಕ್ ಫಾಲ್ಸ್, ಇನ್ನೊಂದು ಕಡೆ ಪ್ರೊಟೆಸ್ಟೆಂಟ್ ಶ್ಯಾಂಕಿಲ್. ನಡುವೆ ಕಾಂಕ್ರೀಟು, ಅದರ ಮೇಲೆ ತಗಡು, ಅದರ ಮೇಲೆ ಜಾಲರಿ. ಹತ್ತಿರದ ಗೇಟುಗಳನ್ನು ರಾತ್ರಿ ಈಗಲೂ ಮುಚ್ಚುತ್ತಾರೆ. ಪ್ರವಾಸಿಗಳು ಗೋಡೆಯ ಮೇಲೆ ಶಾಂತಿಯ ಮಾತು ಬರೆಯುತ್ತಿದ್ದರು. ಟ್ಯಾಕ್ಸಿಯವರು ನನಗೂ ಮಾರ್ಕರ್ ಕೊಟ್ಟರು. ಬರೆಯಲಿಲ್ಲ. ಗೋಡೆ ಬೇಕೋ ಬೇಡವೋ ಅನ್ನುವುದು ಅದರ ನೆರಳಲ್ಲಿ ಬಟ್ಟೆ ಒಣಗಿಸುವವರಿಗೆ ಬಿಟ್ಟದ್ದು.

ಊರಲ್ಲಿ ಸಂಭ್ರಮ ಇದ್ದ ಹಾಗೆ ಕಾಣಲಿಲ್ಲ. ಮರುದಿನ ಅಮೆರಿಕದ ಆಗಿನ ಅಧ್ಯಕ್ಷ ಬೈಡನ್ ಬರುವವರಿದ್ದರು, ಎಲ್ಲೆಲ್ಲೂ ಪೊಲೀಸ್. ಒಪ್ಪಂದದಿಂದ ಹುಟ್ಟಿದ ವಿಧಾನಸಭೆ ವರ್ಷಕ್ಕೂ ಮೇಲಿಂದ ಬಾಗಿಲು ಹಾಕಿತ್ತು. ಅವತ್ತೇ ಡೆರ್ರಿ ಪಟ್ಟಣದಲ್ಲಿ ಒಪ್ಪಂದ ಒಪ್ಪದವರ ಮೆರವಣಿಗೆ ನಡೆದು ಪೊಲೀಸ್ ಗಾಡಿಗೆ ಪೆಟ್ರೋಲ್ ಬಾಂಬ್ ಬಿತ್ತು. ವಾಪಸ್ ಬರುವಾಗ ಫೋನಿನಲ್ಲಿ ಓದಿದ್ದು. ಒಂದು ವಿಚಿತ್ರ ಗಮನಿಸಿ: 1916ನ್ನು ತಿಥಿಗೆ ನೆನೆಯುವವರು ಈ ಒಪ್ಪಂದವನ್ನು ನೆನೆಯುವುದು ತಾರೀಖಿಗೆ. ಹೆಸರು ಗುಡ್ ಫ್ರೈಡೇ ಒಪ್ಪಂದ, ಅದರ 25ನೇ ವರ್ಷ ಬಂದದ್ದು ಸೋಮವಾರ. ಪ್ರೊಟೆಸ್ಟೆಂಟರಲ್ಲಿ ಎಷ್ಟೋ ಜನ ಆ ಹೆಸರನ್ನೂ ಒಪ್ಪುವುದಿಲ್ಲ, ಬೆಲ್‌ಫಾಸ್ಟ್ ಒಪ್ಪಂದ ಅಂತಲೇ ಹೇಳುತ್ತಾರೆ.

ಬೆಲ್‌ಫಾಸ್ಟಿಗೆ ಹೋಗಲು ನನಗೆ ಇನ್ನೊಂದು ಕಾರಣ ಇತ್ತು. ಜೇಮ್ಸ್ ಕಸಿನ್ಸ್ ಹುಟ್ಟಿದ್ದು ಇಲ್ಲಿ, 1873ರಲ್ಲಿ. ಮೈಸೂರಿನಲ್ಲಿ ಓದುತ್ತಿದ್ದ ಕುವೆಂಪು ತಮ್ಮ ಇಂಗ್ಲಿಷ್ ಪದ್ಯಗಳನ್ನು ತೋರಿಸಿದಾಗ, ನಿನ್ನ ಭಾಷೆಯಲ್ಲಿ ಬರೆಯಪ್ಪ ಅಂತ ಹೇಳಿದ ಐರಿಷ್ ಕವಿ. ಅವರ ಹೆಂಡತಿ ಮಾರ್ಗರೆಟ್ ಹೆಂಗಸರಿಗೆ ಮತ ಬೇಕು ಅಂತ 1913ರಲ್ಲಿ ಡಬ್ಲಿನ್ ಕ್ಯಾಸಲ್ಲಿನ ಕಿಟಕಿ ಒಡೆದು ಜೈಲಿಗೆ ಹೋದವರು. ದಂಗೆಗೆ ಒಂದು ವರ್ಷ ಮುಂಚೆ ಇಬ್ಬರೂ ಇಂಡಿಯಾಗೆ ಬಂದುಬಿಟ್ಟರು. ಟ್ಯಾಕ್ಸಿಯವರಿಗೆ ಕಸಿನ್ಸ್ ಹೆಸರು ಗೊತ್ತಿರಲಿಲ್ಲ. ಕುವೆಂಪು ಕಥೆ ಹೇಳಿದೆ. ಹಾಗಾದರೆ ನಮ್ಮೂರಿನವರು ಒಂದಾದರೂ ಒಳ್ಳೆಯ ಕೆಲಸ ಮಾಡಿದ್ದಾರೆ ಅಂದರು.

ಮಂಗಳವಾರ

ಸಂಜೆ ವಿಮಾನ. ಬೆಳಿಗ್ಗೆ ಗ್ಲಾಸ್‌ನೆವಿನ್ ಸ್ಮಶಾನ. ಎಲ್ಲ ಮತದವರಿಗೂ ಜಾಗ ಸಿಗಲಿ ಅಂತ ಓ’ಕಾನೆಲ್ 1832ರಲ್ಲಿ ಶುರುಮಾಡಿಸಿದ್ದು. ಇಲ್ಲಿ ಮಲಗಿದವರು ಹತ್ತು ಲಕ್ಷಕ್ಕೂ ಜಾಸ್ತಿ. ಓ’ಕಾನೆಲ್ ಸಮಾಧಿಯ ಮೇಲೆ 55 ಮೀಟರ್ ಗೋಪುರ. ಬ್ರಿಟನ್ ಜೊತೆಗಿನ ಒಪ್ಪಂದ ಒಪ್ಪಿದ ಬಣದ ನಾಯಕ, ಅಂತರ್ಯುದ್ಧದಲ್ಲಿ ಗುಂಡಿಗೆ ಬಿದ್ದ ಮೈಕಲ್ ಕಾಲಿನ್ಸ್ ಸಮಾಧಿಯ ಮೇಲೆ ರಾಶಿ ಹೂ. ಅವನ ಎದುರು ಬಣದಲ್ಲಿದ್ದು ಆಮೇಲೆ ದೇಶವನ್ನೇ ಆಳಿದ ಡಿ ವಲೇರಾ ಸಮಾಧಿ ಬೋಳು.

2016ರಲ್ಲಿ ಇಲ್ಲೊಂದು ಕಪ್ಪು ಗೋಡೆ ಕಟ್ಟಿ 1916ರಲ್ಲಿ ಸತ್ತ ಎಲ್ಲರ ಹೆಸರು ಕೆತ್ತಿಸಿದರು. ದಂಗೆಕೋರರು, ಊರಿನ ಜನ, ಮಕ್ಕಳು, ಬ್ರಿಟಿಷ್ ಸೈನಿಕರು, ಎಲ್ಲರನ್ನೂ ಒಂದೇ ಸಾಲಿನಲ್ಲಿ. ಕೊಂದವರ ಹೆಸರು ಸತ್ತವರ ಪಕ್ಕ ಹೇಗೆ ಬಂತು ಅಂತ ಗಲಾಟೆ. ಒಂದು ಸಲ ಬಣ್ಣ ಎರಚಿದರು, ಇನ್ನೊಂದು ಸಲ ಸುತ್ತಿಗೆಯಲ್ಲಿ ಒಡೆದರು. 2022ರಲ್ಲಿ ಸ್ಮಶಾನದ ಟ್ರಸ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು.

ಭಾವನ ಪ್ರಕಾರ ಕೈಬಿಟ್ಟದ್ದು ಸರಿ, ಸ್ಮಶಾನದಲ್ಲಿ ಜಗಳ ಯಾಕೆ ಅಂತ. ನನಗೆ ಹಾಗನ್ನಿಸಲಿಲ್ಲ. ಸೈನಿಕರ ಹೆಸರಿನ ಸಿಟ್ಟಿಗೆ ಆ ಮಕ್ಕಳ ಹೆಸರೂ ಹೋಯಿತಲ್ಲ. ನಾಯಕರ ಹೆಸರಿನಲ್ಲಿ ಇಲ್ಲಿ ರೈಲು ನಿಲ್ದಾಣಗಳೇ ಇವೆ. 50ನೇ ವರ್ಷಕ್ಕೆ, 1966ರಲ್ಲಿ, ಒಂದೇ ಸಲಕ್ಕೆ 15 ನಿಲ್ದಾಣಗಳಿಗೆ ಇಟ್ಟರು. ಬ್ರೆಡ್ ತರಲು ಹೋಗಿ ಗುಂಡಿಗೆ ಸಿಕ್ಕಿದವರಿಗೆ ಇದ್ದದ್ದು ಆ ಒಂದು ಗೋಡೆ. ಹಾಗಂತ ನಾನು, ಹೀಗಂತ ಭಾವ, ವಿಮಾನ ನಿಲ್ದಾಣದವರೆಗೂ ವಾದ ನಡೆಯಿತು. ಅಕ್ಕ ರೇಡಿಯೋ ಜೋರು ಮಾಡಿದಳು. ಅದರಲ್ಲೂ ಬೈಡನ್ ಬರುವ ಸುದ್ದಿಯೇ ಬರುತ್ತಿತ್ತು.